ಸುತ್ತದೆ ಬಿಟ್ಟ ರೀಲು

ಬಸವಕಿರಣ ಬುಟ್ಟಿಯ ಅಂಚು ಹಿಡಿದು ಅರ್ಧ ಎತ್ತಿದ್ದ. ಪಡಸಾಲೆಯಲ್ಲಿ ಗಂಡನ ಪಕ್ಕ ಕೂತಿದ್ದ ಶಕುಂತಲಾಬಾಯಿ ಅಲ್ಲಿಂದಲೇ ಕೂಗಿದಳು.

“ಅಳಿಯಾರ, ಕೈ ಹಚ್ಚಬ್ಯಾಡ್ರಿ ಅದಕ್ಕ!”

ನಿನ್ನೆಯಿಂದ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಸುತ್ತ ಕೂತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು. ಬಸವಕಿರಣ ಕೆಂಡ ಮುಟ್ಟಿದವನಂತೆ ಬುಟ್ಟಿ ಬಿಟ್ಟ.

“ಹೂವು ತುಂಬಾಕ ಬೇಕಾಗಿತ್ರೀ ಅತ್ತಿ. ಖಾಲಿ ಡಬ್ಬ ಹಾಕ್ಯಾರ ಅಂತ ತಿಳದೆ.”

“ಅಡಗಿಮನ್ಯಾಗ ಇನ್ನೊಂದು ಬುಟ್ಟಿ ಅದ. ಅದನ್ನ ತೊಗೋರಿ.”

ಅಂಗಳದ ಕಟ್ಟೆಯ ಮೇಲೆ ಬೋರಲು ಹಾಕಿದ ಆ ಬುಟ್ಟಿಯ ಕೆಳಗೆ ಒಂದು ಡಬ್ಬಿ ಕ್ಯಾಮೆರಾ ಇತ್ತು. ಕಪ್ಪು ಬಟ್ಟೆ ಅಂಟಿಸಿದ ರಟ್ಟಿನ ಪೆಟ್ಟಿಗೆ. ಮುಂದೆ ಒಂದು ದುಂಡು ಗಾಜು, ಮೇಲೆ ಅಂಚೆಚೀಟಿಯಷ್ಟು ಇನ್ನೊಂದು ಗಾಜು, ಪಕ್ಕದಲ್ಲಿ ರೀಲು ಸುತ್ತುವ ಚಾವಿ. ನಿನ್ನೆ ಬೆಳಿಗ್ಗೆ ಅವಳ ಗಂಡ ಶಂಕ್ರೆಪ್ಪ ಅದನ್ನು ಹೇಗೆ ಇಟ್ಟಿದ್ದನೋ ಹಾಗೆಯೇ ಇತ್ತು. ಮನೆಯಲ್ಲಿ ಗೋಳು ಎದ್ದಾಗ ಶಕುಂತಲಾಬಾಯಿ ಮೊದಲು ಮಾಡಿದ ಕೆಲಸ ಅದರ ಮೇಲೆ ಬುಟ್ಟಿ ಮುಚ್ಚಿ, ಬುಟ್ಟಿಯ ಮೇಲೆ ಒಂದು ಫರ್ಸಿ ಕಲ್ಲಿನ ತುಂಡು ಹೇರಿದ್ದು. ಬೆಳಗಿನ ಗದ್ದಲದಲ್ಲಿ ಆ ಕಲ್ಲನ್ನು ಯಾರೋ ಕೆಳಗಿಳಿಸಿದ್ದರು.

ಆ ಪೆಟ್ಟಿಗೆಯೊಳಗೆ ಅವಳಿದ್ದಳು. ರೀಲಿನ ಎಂಟನೆಯ, ಕೊನೆಯ ಫೋಟೊ. ಒತ್ತಿಯಾಗಿತ್ತು, ಆದರೆ ಸುತ್ತಿರಲಿಲ್ಲ. ಈಗಿನ ಯಂತ್ರಗಳಂತೆ ಅದಕ್ಕೆ ತಡೆಯುವ ಬುದ್ಧಿ ಇಲ್ಲ. ಎಷ್ಟು ಸಲ ಒತ್ತಿದರೂ ಅಷ್ಟು ಸಲ ಕಣ್ಣು ತೆರೆಯುತ್ತದೆ, ಇದ್ದದ್ದರ ಮೇಲೆಯೇ ಇನ್ನೊಂದನ್ನು ಬೀಳಿಸಿಕೊಳ್ಳುತ್ತದೆ. ಚಾವಿ ತಿರುಗಿಸಿಬಿಟ್ಟರೆ ಅವಳ ಫೋಟೊ ಭದ್ರ. ಅದು ಅವಳಿಗೆ ಗೊತ್ತಿತ್ತು. ಆದರೆ ಅವನ ಬೆರಳು ನಿಲ್ಲಿಸಿದ ಜಾಗದಿಂದ ಆ ಚಾವಿಯನ್ನು ತಿರುಗಿಸಲು ಅವಳಿಗೆ ಕೈ ಬಂದಿರಲಿಲ್ಲ.

ಶಂಕ್ರೆಪ್ಪ ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಒರಗಿ ಕೂತಿದ್ದ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸುತ್ತಾರೆ. ಕೂತಂತೆಯೇ ಮಣ್ಣಿಗೆ ಒಯ್ಯುತ್ತಾರೆ. ತಲೆಗೆ ಹೊಸ ರುಮಾಲು ಸುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಬಂದ, ಅವನ ಬಸ್ಸಿನ ಡ್ರೈವರ್ ಜೈಪಾಲ ಅವನನ್ನು ಬಹಳ ಹೊತ್ತು ನೋಡಿದ. ಆಮೇಲೆ ಮೂಗು ಒರೆಸಿಕೊಂಡು ಹೇಳಿದ:

“ವೈನಿ, ನೌಕರಿ ಪೂರಾ ಬಸ್ಸಿನಾಗ ನಿಂತೇ ಕಳದ ಮನಿಷ್ಯಾ. ಇವತ್ತ ಸೀಟ್ ಸಿಕ್ಕದ ನೋಡ್ರಿ.”

ಮಗಳು ಪ್ರೇಮಲಾ ಅಳುತ್ತಲೇ ನಕ್ಕಳು. “ಕಾಕಾ, ಮಂದಿ ಏನಂದಾರು!”

“ಮಂದಿ ಅಂದ್ರ ನಾವೇ ಅಲ್ಲೇನವ್ವ?”

*

ಶಂಕ್ರೆಪ್ಪ ತಮ್ಮೂರು ತಾಂಡೂರಿನಿಂದ ಜಹೀರಾಬಾದಿನ ಮೇಲೆ ನಾರಾಯಣಖೇಡಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಆಗಿದ್ದ. ಜೈಪಾಲ ಅದನ್ನು ಓಡಿಸುತ್ತಿದ್ದ. ಟಿಕೇಟಿನ ಚೀಲ ಬಲಗಡೆ, ಡಬ್ಬಿ ಕ್ಯಾಮೆರಾ ಎಡಗಡೆ. ಜಹೀರಾಬಾದಿನ ಗುಜರಿ ಅಂಗಡಿಗಳಲ್ಲಿ, ನಾರಾಯಣಖೇಡದ ಹಳೆ ವಾಡೆಗಳ ಅಟ್ಟದ ಮೇಲೆ ಇಂಥ ಪೆಟ್ಟಿಗೆ ಇದೆಯೆಂದು ಯಾರಾದರೂ ಅಂದರೆ ಸಾಕು, ಮುಂದಿನ ಸರತಿಗೆ ಅವನು ಅಲ್ಲಿರುತ್ತಿದ್ದ. ಬದಲಿಗೆ ಆ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅದೇ ಪೆಟ್ಟಿಗೆಯಿಂದ ಒಂದು ಫೋಟೊ ತೆಗೆದು, ತೊಳೆದು ತಂದುಕೊಡುತ್ತಿದ್ದ. ಅಡಿಗೆಮನೆಯ ಮಾಡದಲ್ಲಿ ಹಿತ್ತಾಳೆ ಕೊಡಗಳ ಪಕ್ಕ ಅವು ಒಂದೊಂದಾಗಿ ಕೂತವು. ಕೆಲವು ರಟ್ಟಿನವು, ಕೆಲವು ತಗಡಿನವು. ಒಂದರೊಳಗೆ ಹಲ್ಲಿ ಮೊಟ್ಟೆಯಿಟ್ಟಿತ್ತು. ಅವು ಒಡೆದು ಮರಿಯಾಗಿ ಹೊರಬರುವ ತನಕ ಶಂಕ್ರೆಪ್ಪ ಆ ಕ್ಯಾಮೆರಾ ಮುಟ್ಟಲಿಲ್ಲ.

ಇಷ್ಟು ಪ್ರೀತಿಯಿದ್ದವನು ಒಳ್ಳೆಯ ಫೋಟೊ ತೆಗೆಯುತ್ತಿದ್ದ ಎಂದರೆ ಸುಳ್ಳಾಗುತ್ತದೆ. ಅವನು ಸುತ್ತುವುದನ್ನು ಮರೆಯುತ್ತಿದ್ದ. ಅದಕ್ಕೆ ಅರ್ಧ ಕಾರಣ ಜೈಪಾಲ. ಮಂದಿಯನ್ನು ನಿಲ್ಲಿಸಿ, ‘ಉಸರು ಹಿಡೀರಿ’ ಎಂದು, ಹೊಟ್ಟೆಗೆ ಪೆಟ್ಟಿಗೆ ಒತ್ತಿಹಿಡಿದು ಶಂಕ್ರೆಪ್ಪ ಟಕ್ ಅನ್ನಿಸಿ ‘ಬಿಡ್ರಿ’ ಅನ್ನುವಷ್ಟರಲ್ಲಿ ಜೈಪಾಲ ಹಾರ್ನ್ ಬಾರಿಸುತ್ತಿದ್ದ. ಶಂಕ್ರೆಪ್ಪ ಓಡಿಬಂದು ಫುಟ್‌ಬೋರ್ಡ್ ಏರುತ್ತಿದ್ದ. ಮುಂದಿನ ಊರಿನಲ್ಲಿ ಮತ್ತೆ ಟಕ್. ಹೀಗೆ ನಾರಾಯಣಖೇಡದ ಮದುಮಗನ ತಲೆಯ ಮೇಲೆ ಜಹೀರಾಬಾದಿನ ಎಮ್ಮೆ ನಿಂತಿತು. ಜಹೀರಾಬಾದಿನ ಅಜ್ಜಿಯೊಬ್ಬಳ ಮಡಿಲಲ್ಲಿ ತಾಂಡೂರಿನ ಗಿರಣಿ ಮಾಲೀಕ ಕೂತ.

ಮಂದಿ ಸಿಟ್ಟಾಗಲಿಲ್ಲ. “ಕಂಡಕ್ಟರ್ ಸಾಬ್, ನನ್ನ ಹೆಗಲ ಮ್ಯಾಲಿನ ಈ ಹೆಣ್ಣಮಗಳು ಯಾರ್ರಿ?” ಎಂದು ಕೇಳುತ್ತಿದ್ದರು. ಶಂಕ್ರೆಪ್ಪ ತಲೆ ಕೆರೆದುಕೊಂಡು ಅವಳ ಊರು, ಹೆಸರು, ಮನೆಯ ಸುದ್ದಿ ಎಲ್ಲ ಹೇಳುತ್ತಿದ್ದ. ಮುಂದಿನ ಸರತಿಗೆ ಆ ಹೆಣ್ಣುಮಗಳಿಗೆ ಇವರ ಸುದ್ದಿ ಹೋಗುತ್ತಿತ್ತು. ಒಬ್ಬರನ್ನೊಬ್ಬರು ಕಾಣದವರು ಒಬ್ಬರ ಗೋಡೆಯ ಮೇಲೆ ಇನ್ನೊಬ್ಬರು ಹಳಬರಾಗುತ್ತಿದ್ದರು.

*

ಶಕುಂತಲಾಬಾಯಿಗೆ ಮಾತ್ರ ಸಿಟ್ಟು ಬಂದಿತ್ತು. ಮದುವೆಯಾದ ಹೊಸತು. ಅವನು ಮೊದಲ ಡಬ್ಬಿ ತಂದಿದ್ದ. ಅವಳು ತವರಿನ ಇಳಕಲ್ ಸೀರೆಯುಟ್ಟು, ಮೂಗಿನ ನತ್ತು ಸರಿಮಾಡಿಕೊಂಡು ಅಂಗಳದಲ್ಲಿ ಕೂತಳು. ಉಸಿರು ಹಿಡಿದಳು. ಫೋಟೊ ತೊಳೆದು ಬಂದಾಗ ಅವಳ ಮುಖದ ಮೇಲೆ ನಾರಾಯಣಖೇಡದ ಪೊಲೀಸ್ ಜಮಾದಾರನ ಮೀಸೆ ಇತ್ತು. ಮೀಸೆ ಬಹಳ ಸ್ಪಷ್ಟವಾಗಿ ಬಂದಿತ್ತು.

“ಯವ್ವಾ, ನನ್ನ ಸೊಸಿಗೆ ಮೀಸಿ ಬಂದಾವ್ರೇ!” ಎಂದು ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಂಕ್ರೆಪ್ಪನೂ ನಕ್ಕ. ಅವಳು ನಗಲಿಲ್ಲ. ಫೋಟೊ ಒಲೆಗೆ ಹಾಕಿ, ಉರಿಯುವವರೆಗೂ ನಿಂತು ನೋಡಿದಳು.

“ಇನ್ನ ಸಾಯೋತನಕ ನಿಮ್ಮ ಡಬ್ಬಿ ಮುಂದ ನಾ ಕುಂದ್ರಂಗಿಲ್ಲ.”

ಅವನು ಹೊಸದೊಂದು ಪೆಟ್ಟಿಗೆ ತಂದಾಗಲೆಲ್ಲ ಕೇಳುತ್ತಿದ್ದ, “ಶಕ್ಕು, ಇದರಾಗರ?” ಅವಳು ಸೆರಗು ಮುಖಕ್ಕೆಳೆದುಕೊಂಡು ಒಳಗೆ ಹೋಗುತ್ತಿದ್ದಳು. ಆದರೆ ರಾತ್ರಿ ಬಚ್ಚಲಮನೆಯಲ್ಲಿ ಕೆಂಪು ದೀಪ ಹಚ್ಚಿ ಅವನು ಫೋಟೊ ತೊಳೆಯುವಾಗ ತಟ್ಟೆಯ ಮದ್ದಿನ ನೀರನ್ನು ಮೆಲ್ಲಗೆ ತೂಗುತ್ತಿದ್ದವಳು ಅವಳೇ. ಅವನ ಕೈ ಒರಟು. ಬಿಳಿ ಕಾಗದದ ಮೇಲೆ ಊರುಗಳು ಒಂದರ ಮೇಲೊಂದು ಏಳುವುದನ್ನು ನೋಡುತ್ತ ಅವಳಿಗೆ ಒಂದು ವಿಷಯ ತಿಳಿದಿತ್ತು. ಮೊದಲ ಸಲ ಒತ್ತಿದಾಗ ಬಿಸಿಲಿದ್ದ ಜಾಗದಲ್ಲಿ ಎರಡನೆಯವರು ಅಳಿಸಿಹೋಗುತ್ತಾರೆ. ನೆರಳಿದ್ದ ಜಾಗದಲ್ಲಿ ಮಾತ್ರ ಅವರು ಪೂರ್ತಿ ಬರುತ್ತಾರೆ, ಆ ಜಾಗ ತಮಗೆಂದೇ ಬಿಟ್ಟಿದ್ದ ಹಾಗೆ.

*

ಮಧ್ಯಾಹ್ನದ ಬಸ್ಸಿಗೆ ನಾರಾಯಣಖೇಡದಿಂದ, ಜಹೀರಾಬಾದಿನಿಂದ ಮಂದಿ ಇಳಿದರು. ಅಂಗಳದಲ್ಲಿ, ಸತ್ತವರನ್ನು ಕೂರಿಸಿ ಹೊರುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದರು. ಭಜನೆಯವರು ತಾಳ ಸರಿಮಾಡಿಕೊಳ್ಳುತ್ತಿದ್ದರು. ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಸೀತಾಫಲ ಮಾರುವ ಅಂಜಮ್ಮ ಬಂದವಳೇ ಶಂಕ್ರೆಪ್ಪನ ಪಾದ ಮುಟ್ಟಿ, ಅತ್ತು, ಕಣ್ಣೊರೆಸಿಕೊಂಡು ಕೂತಳು. ಅವಳ ಎದುರಿಗೆ ನಾರಾಯಣಖೇಡದ ದರ್ಜಿ ನಾಮದೇವ ಬಂದು ಕೂತ. ಅಂಜಮ್ಮ ಅವನನ್ನು ಒಮ್ಮೆ ನೋಡಿದಳು. ಮತ್ತೆ ನೋಡಿದಳು. ಆಮೇಲೆ ಸಂಕೋಚ ಬಿಟ್ಟು ಕತ್ತು ಚಾಚಿಯೇ ನೋಡಿದಳು.

“ಅಣ್ಣಾ, ಈ ಕಿವಿ ನಾ ಎಲ್ಲೋ ನೋಡೀನಿ.”

ನಾಮದೇವನ ಕಿವಿಗಳು ಕೊಡದ ಹಿಡಿಕೆಗಳ ಹಾಗೆ ಎರಡೂ ಕಡೆ ನಿಂತಿದ್ದವು. ಅವನು ಒಂದನ್ನು ಮುಟ್ಟಿಕೊಂಡ. “ನನ್ನ ಕಿವೀನಾ?”

“ಬಾಸಿಂಗ ಕಟಗೊಂಡು ನನ್ನ ತಲಿ ಮ್ಯಾಲ ನಿಂತಿಯಲ್ಲೋ! ನನ್ನ ಮೊಮ್ಮಕ್ಕಳು ದಿನಾ ಕೇಳ್ತಾವ, ಅಜ್ಜೀ, ಇವ ಯಾವ ಅಜ್ಜ ಅಂತ.”

ನಾಮದೇವ ಕಣ್ಣರಳಿಸಿದ. “ಸೀತಾಫಲದ ಬುಟ್ಟಿ?”

“ಹೌದಪಾ, ಅದು ನನ್ನ ಬುಟ್ಟಿ!”

“ಅರೆ ಅಕ್ಕಾ, ಆ ಬುಟ್ಟಿ ನನ್ನ ಹೇಣ್ತಿ ತೊಡಿ ಮ್ಯಾಲ ಅದ! ನಮ್ಮ ಮಾವ ನೋಡಿ, ಮದಿವ್ಯಾಗ ಮಗಳ ಉಡಿ ಇಷ್ಟು ತುಂಬೀನೇನು ಅಂತ ಖುಷಿ ಆಗಿದ್ದ.”

ಜೈಪಾಲ ಮೊದಲು ನಕ್ಕ. ತಾಳ ಹಿಡಿದವರು ನಕ್ಕರು. ಮಂತ್ರ ನಿಲ್ಲಿಸಿದ ಅಯ್ಯನೋರು ಗಂಭೀರವಾಗಿರಲು ನೋಡಿ, ಆಗದೆ, “ನಮ್ಮ ಮಠದ ಫೋಟೊದಾಗೂ ಒಂದು ಆಡು ಬಂದದ್ರಿ” ಎಂದುಬಿಟ್ಟರು. ಅಂಗಳವೆಲ್ಲ ನಗೆ ಎದ್ದಿತು. ಶಕುಂತಲಾಬಾಯಿ ತುಟಿ ಕಚ್ಚಿಕೊಂಡು ಗಂಡನ ಕಡೆ ನೋಡಿದಳು. ಇಷ್ಟು ಮಂದಿ ನಗುವಾಗ ಅವನು ಸುಮ್ಮನೆ ಕೂತದ್ದನ್ನು ಅವಳು ಎಂದೂ ಕಂಡಿರಲಿಲ್ಲ.

“ನಿನ್ನ ಹೇಣ್ತಿನ ಕರಕೊಂಡು ಬರಬೇಕಿಲ್ಲೇನು?” ಅಂಜಮ್ಮ ಕೇಳಿದಳು. “ನಾವಿಬ್ಬರೂ ಒಂದೇ ಜಾಗಾದಾಗ ಕುಂತ ಗೆಳತ್ಯಾರು.”

“ಆಕಿ ಹೋಗಿ ಭಾಳ ದಿನ ಆತಕ್ಕಾ.”

ಅಂಜಮ್ಮ ಲೊಚಗುಟ್ಟಿದಳು. ನಾಮದೇವ ನೆಲದ ಫರ್ಸಿಯ ಮೇಲೆ ಬೆರಳಾಡಿಸಿದ.

“ಆಕಿದು ಸ್ಟುಡಿಯೋದಾಗ ತೆಗಿಸಿದ್ದೂ ಒಂದದ. ಛಲೋ ಬಂದದ. ಲೇಕಿನ್ ಅದರಾಗ ಆಕಿ ಒಬ್ಬಾಕೇ ನಿಂತಾಳ. ನನಗ ನೋಡಾಕ ಆಗಂಗಿಲ್ಲ. ಕಂಡಕ್ಟರ್ ಸಾಬ್ ತೆಗೆದದ್ದರಾಗ ನೀ ಅದೀ, ನಿನ್ನ ಬುಟ್ಟಿ ಅದ, ನಾ ಅದೀನಿ. ಆಕಿ ಸುತ್ತ ಗದ್ದಲ ಅದ. ಅದನ್ನೇ ಗ್ವಾಡಿಗೆ ಹಾಕೀನಿ.”

ಶಕುಂತಲಾಬಾಯಿ ಕಟ್ಟೆಯ ಕಡೆ ತಿರುಗಿ ನೋಡಿದಳು.

ಜೈಪಾಲ ಎದ್ದು ನಿಂತ. “ವೈನಿ, ಮೊಬೈಲದಾಗ ಎಲ್ಲಾರೂ ಹೊಡಕೊಂಡಾರ. ಅದು ಲೆಕ್ಕಕ್ಕಿಲ್ಲ. ದೋಸ್ತನ್ನ ಅವನ ಡಬ್ಬಿಯಿಂದ ಒಂದು ಹೊಡೀಬೇಕು. ಅವ ಎಲ್ಲಾರದೂ ತೆಗೆದ, ಅವನದು ಯಾರೂ ತೆಗೀಲಿಲ್ಲ.”

“ಹೌದ್ರಿ ಬಾಯಾರ,” ಎಂದ ನಾಮದೇವ. “ತೆಗೀಲೇಬೇಕು,” ಎಂದಳು ಅಂಜಮ್ಮ. ಪ್ರೇಮಲಾ ಕೂಡ, “ಅವ್ವಾ, ಅಪ್ಪಗ ಖುಷಿ ಆಗತದ” ಎಂದಳು. ಅಷ್ಟರಲ್ಲಿ ಯಾರೋ ಬುಟ್ಟಿ ಎತ್ತಿಬಿಟ್ಟಿದ್ದರು. ಬಸವಕಿರಣ ಪೆಟ್ಟಿಗೆ ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ಅದರ ಬೆನ್ನಿನ ಕೆಂಪು ಗಾಜಿನೊಳಗೆ ಇಣುಕಿದ.

“ಎಂಟು ಅಂತ ತೋರಸಾಕತ್ತದ್ರೀ ಅತ್ತಿ. ಅಂದ್ರ ಕಡೀದು ಒಂದು ಉಳದದ ಅಲ್ರೀ?”

ಎಲ್ಲರೂ ಅವಳನ್ನು ನೋಡಿದರು. ಆ ಎಂಟರ ಮೇಲೆ ಯಾರಿದ್ದಾರೆಂದು ಅಲ್ಲಿ ಅವಳೊಬ್ಬಳಿಗೇ ಗೊತ್ತು. ‘ಇಲ್ಲ, ಮುಗದದ’ ಎಂದರೆ ಸಾಕಿತ್ತು. ಮನೆಯಲ್ಲಿ ಬೇರೆ ರೀಲಿಲ್ಲ. ಅದು ಹೈದರಾಬಾದಿನಿಂದ ಬರಬೇಕು. ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡಬೇಕು. ಯಾರೂ ಒತ್ತಾಯ ಮಾಡುತ್ತಿರಲಿಲ್ಲ.

*

ನಿನ್ನೆ ಬೆಳಿಗ್ಗೆ ಅವಳು ಅಂಗಳದಲ್ಲಿ ಮಣೆ ಹಾಕಿಕೊಂಡು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎಳೆಬಿಸಿಲು ಅವಳ ಮೇಲಿತ್ತು. ಪಕ್ಕದ ಕಾಳಿನ ಕೋಣೆಯ ಬಾಗಿಲು ತೆರೆದಿತ್ತು. ಆ ಕಡೆ ಇನ್ನೂ ಕತ್ತಲೆಯಂಥ ನೆರಳು. ಶಂಕ್ರೆಪ್ಪ ಪೆಟ್ಟಿಗೆ ಹಿಡಿದು ಗುಬ್ಬಿಯನ್ನೋ ಮೋಡವನ್ನೋ ಹುಡುಕುತ್ತಿದ್ದ. ಹೊಟ್ಟೆಗೆ ಒತ್ತಿಹಿಡಿದ. ಕೈ ನಡುಗಿತು. ಇನ್ನೊಮ್ಮೆ ಹಿಡಿದ. ಮತ್ತೆ ನಡುಗಿತು. ಏನೂ ಆಗದವನಂತೆ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ.

ಅವಳು ಮೊರ ಕೆಳಗಿಟ್ಟಳು.

“ಅಲ್ಲೇ ಇಟಗೊಂಡು ತೆಗೀರಿ.”

“ಏನು ತೆಗೀಲಿ?”

“ನನ್ನ.”

ಶಂಕ್ರೆಪ್ಪ ಅವಳನ್ನೇ ನೋಡಿದ. ತಮಾಷೆಯೆಂದು ನಗಲು ಹೊರಟವನು ನಗಲಿಲ್ಲ. ಪೆಟ್ಟಿಗೆಯ ಹಿಂದೆ ಹೋಗಿ ಬಗ್ಗಿದ. ಅಂದಾಜು ಮಾಡಿದ. ಎದ್ದ. ಮತ್ತೆ ಬಗ್ಗಿದ.

“ಮೊದಲ ಸುತ್ತೀರೇನು? ಯಾರ ಮೀಸೀನೂ ನನಗ ಬ್ಯಾಡ.”

“ಸುತ್ತೀನಿ ಮಾರಾಯ್ತಿ. ಎಂಟಕ್ಕ ಬಂದದ, ಬೇಕಾದ್ರ ಬಂದು ನೋಡು. ಈ ಸಲ ನೀ ಒಬ್ಬಾಕೇ ಬರತಿ.”

ಅವಳು ಸೆರಗು ಸರಿಮಾಡಿಕೊಂಡಳು. ನತ್ತು ಇರಲಿಲ್ಲ; ಆದರೂ ಕೈ ಮೂಗಿನ ತನಕ ಹೋಗಿ ಬಂತು. ಉಸಿರು ಹಿಡಿದಳು. ಟಕ್.

ಅವನ ಮುಖದಲ್ಲಿ ಹೊಸ ಮದುಮಗನ ಕಳೆ ಇತ್ತು. “ಒಂದೀಟು ಚಾ ಮಾಡತೀಯೇನು?” ಎಂದು ಕಟ್ಟೆಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕೂತ. ಅವಳು ಶುಂಠಿ ಜಜ್ಜಿ, ಹಾಲು ಹೆಚ್ಚಿಗೆ ಹಾಕಿ, ಎರಡು ಬಟ್ಟಲು ಹಿಡಿದು ಬಂದಳು. ಅವನು ಅವಳ ಖಾಲಿ ಮಣೆಯ ಕಡೆಗೇ ಮುಖ ಮಾಡಿಕೊಂಡು ಕೂತಿದ್ದ. ಕರೆದರೆ ಓಗೊಡಲಿಲ್ಲ.

*

“ಉಳದದ,” ಎಂದಳು ಶಕುಂತಲಾಬಾಯಿ. “ಒಂದು ಉಳದದ.”

ಅವಳು ಗೋಡೆ ಹಿಡಿದು ಎದ್ದು ಅಂಗಳಕ್ಕಿಳಿದಳು. ನಿನ್ನೆ ಬೆಳಿಗ್ಗೆ ಅವಳು ಕೂತಿದ್ದ ಬಿಸಿಲಿನ ಜಾಗದಲ್ಲಿ ಈಗ ಗೋಡೆಯ ನೆರಳು ಬಿದ್ದಿತ್ತು. ನೆರಳಿದ್ದ ಕೋಣೆಯ ಬಾಗಿಲಿಗೆ ಈಗ ಬಿಸಿಲು ಬಂದಿತ್ತು. ಅವಳು ಅದನ್ನು ಬಹಳ ಹೊತ್ತು ನೋಡುತ್ತ ನಿಂತಳು. ಸರಿಯಾಗಿ ಬಂದರೆ ಬಂತು. ಇಲ್ಲದಿದ್ದರೆ ಅವನೂ ಇಲ್ಲ, ಅವಳೂ ಇಲ್ಲ, ಬರೀ ಮಸಿ. ಅವನ ಕೈಯಲ್ಲಿ ಎಷ್ಟೋ ಹಾಗೆ ಹೋಗಿದ್ದವು.

“ಆ ಡಬ್ಬಿ ಯಾರೂ ಸರಸಬ್ಯಾಡ್ರಿ. ಅಲ್ಲೇ ಇರಲಿ. ಅವರನ್ನ ತಂದು ಕಾಳಿನ ಖೋಲಿ ಬಾಗಿಲ ಮುಂದ ಕುಂದರಸ್ರಿ.”

ನಾಲ್ವರು ಶಂಕ್ರೆಪ್ಪನನ್ನು ಕುರ್ಚಿಯ ಸಮೇತ ಎತ್ತಿ ತಂದರು. ರುಮಾಲು ಸ್ವಲ್ಪ ವಾರೆಯಾಯಿತು. ಪ್ರೇಮಲಾ ಸರಿಮಾಡಲು ಹೋದಳು.

“ಇರಲಿ ಬಿಡವ್ವ. ಅವರು ಯಾವಾಗ ನೆಟ್ಟಗ ಕಟಗೊಂಡಿದ್ರು?”

ಮಂದಿಯೆಲ್ಲ ಓಡಿಬಂದು ಕುರ್ಚಿಯ ಸುತ್ತ ನಿಂತರು. ಅಂಜಮ್ಮ ಮತ್ತು ನಾಮದೇವ ಅಕ್ಕಪಕ್ಕ ನಿಂತರು. ಮೊದಲ ಸಲ ಒಬ್ಬರ ಮೇಲೊಬ್ಬರಿಲ್ಲದೆ. ಜೈಪಾಲ ಕುರ್ಚಿಯ ಎಡಕ್ಕೆ, ನೆರಳಿನ ಜಾಗದಲ್ಲಿ ಕಾಲೂರಿದ.

“ಜೈಪಾಲಣ್ಣ, ಅಲ್ಲಿ ಬ್ಯಾಡ. ಆ ಕಡಿ ಹೋಗ್ರಿ. ಇತ್ತಾಕಡಿ ಯಾರೂ ನಿಂದರಬ್ಯಾಡ್ರಿ.”

“ಹಂಗಂದ್ರ ಹ್ಯಾಂಗ ವೈನಿ? ಅರ್ಧ ಜಾಗಾ ಖಾಲಿ ಬೀಳತದ. ನೀವರ ಬರ್ರಿ, ಬಾಜೂಕ ಕುಂದರ್ರಿ.”

“ನಾ ಒತ್ತತೀನಿ.”

“ನಿಮಗ ಬರತದೇನು?”

“ಒತ್ತೋದೇನು ಮಹಾ. ನಿಮ್ಮ ದೋಸ್ತಗೇ ಬರತಿತ್ತು.”

ಮತ್ತೆ ನಗೆ. ಬಸವಕಿರಣ ಕೆಂಪು ಗಾಜನ್ನೂ ಚಾವಿಯನ್ನೂ ಒಮ್ಮೆ ನೋಡಿ ಮೆಲ್ಲಗೆ ಕೇಳಿದ, “ಅತ್ತಿ, ಮಾವಾರು ಸುತ್ಯಾರ ಅಲ್ರೀ? ಅವರು ಮರೀತಿದ್ರಲ್ಲ?”

“ಸುತ್ಯಾರ, ಸುತ್ಯಾರ. ನೀವು ಹೋಗಿ ನಿಂದರ್ರಿ.”

“ಜಲ್ದಿ ಮಾಡ್ರಿ ತಾಯಿ, ಹೊತ್ತು ಇಳಿಯಾಕತ್ತದ,” ಎಂದರು ಅಯ್ಯನೋರು, ತಾವೂ ಒಂದು ಹೆಜ್ಜೆ ಒಳಗೆ ಸರಿದು ನಿಲ್ಲುತ್ತ.

ಶಕುಂತಲಾಬಾಯಿ ಕಟ್ಟೆಯ ಹಿಂದೆ ಬಗ್ಗಿದಳು. ಸೊಂಟ ನೋಯಿತು. ಮೇಲಿನ ಆ ಪುಟ್ಟ ಗಾಜಿನಲ್ಲಿ ಅಂಗಳವೆಲ್ಲ ಇತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಇಷ್ಟು ವರ್ಷ ಅವನು ಜಗತ್ತನ್ನು ಹೀಗೆ ನೋಡಿದ್ದ ಎಂಬುದು ಅವಳಿಗೆ ಈಗಲೇ ತಿಳಿದದ್ದು. ಅಕ್ಕಿಕಾಳಿನಷ್ಟು ಶಂಕ್ರೆಪ್ಪ ಬಿಸಿಲಿನಲ್ಲಿ ಕೂತಿದ್ದ. ಅವನ ಹಿಂದೆ ಮೂರೂರಿನ ಮಂದಿ. ಅವನ ಪಕ್ಕದಲ್ಲಿ, ಒಂದು ಮಣೆಯಷ್ಟು ಅಗಲ, ನೆರಳು ಖಾಲಿಯಾಗಿ ಬಿದ್ದಿತ್ತು.

“ಅಲುಗಾಡಬ್ಯಾಡ್ರಿ,” ಎಂದಳು.

“ಇವತ್ತ ಒಬ್ಬವ ಅಂತೂ ಅಲುಗಾಡಂಗಿಲ್ಲ,” ಎಂದ ಜೈಪಾಲ.

“ಉಸರು ಹಿಡೀರಿ.”

ಎಲ್ಲರೂ ಹಿಡಿದರು. ತಾಳಗಳು ಅರ್ಧಕ್ಕೆ ನಿಂತವು. ಅಂಜಮ್ಮನ ಕೆನ್ನೆ ಉಬ್ಬಿತು. ಅಯ್ಯನೋರ ಕೈಯ ಗಂಟೆ ಗಾಳಿಯಲ್ಲೇ ಉಳಿಯಿತು. ಅವಳು ಹೆಬ್ಬೆರಳಿನಿಂದ ಮೆಲ್ಲಗೆ, ತಟ್ಟೆಯ ನೀರು ತೂಗುವಷ್ಟು ಮೆಲ್ಲಗೆ, ಒತ್ತಿದಳು.

ಟಕ್.

ಯಾರೂ ಉಸಿರು ಬಿಡಲಿಲ್ಲ. ‘ಬಿಡ್ರಿ’ ಎಂದು ಹೇಳುತ್ತಿದ್ದವನು ಅವರ ನಡುವೆಯೇ ಕೂತಿದ್ದ. ಕಣ್ಣರಳಿಸಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಮೂರೂರಿನ ಮಂದಿ ಅವನ ಹಾಗೆಯೇ ಉಸಿರಿಲ್ಲದೆ ನಿಂತು ಅವಳನ್ನೇ ನೋಡುತ್ತಿದ್ದರು. ಶಕುಂತಲಾಬಾಯಿ ಆ ಗಾಜಿನಿಂದ ಕಣ್ಣು ತೆಗೆಯದೆ, ಅವರನ್ನು ಇನ್ನೊಂದು ಕ್ಷಣ ಹಾಗೆಯೇ ಇಟ್ಟುಕೊಂಡಳು.